ಲ.ಸಾ.ಅ. ಪಾಠಕ್ಕೆ 108

ಆರನೇ ತರಗತಿಗೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದ ಶೇಷವಿಲ್ಲದೆ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ) ಕಲಿಸುವಾಗ ನಾನು ಪುಸ್ತಕಕ್ಕಿಂತ ಮೊದಲು ಪಂಚಾಂಗ ತೆಗೆಯುತ್ತೇನೆ. "108 ಅಂದ್ರೆ ಏನು ನೆನಪಾಗುತ್ತೆ?" ಎಂದು ಕೇಳಿದರೆ ಮೊದಲು ಬರುವ ಉತ್ತರ ಆಂಬುಲೆನ್ಸ್. ಆಮೇಲೆ ಅಷ್ಟೋತ್ತರ, ಅಜ್ಜಿಯ ಜಪಮಾಲೆ. ನೂರು ಸಾಕಿತ್ತಲ್ವಾ, ಎಂಟು ಯಾಕೆ ಜಾಸ್ತಿ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠ ಶುರುವಾಗುವುದು ಅಲ್ಲಿಂದ.

ಉತ್ತರದ ಬದಲು ಹುಣಸೆಬೀಜ ಕೊಡುತ್ತೇನೆ, ಗುಂಪಿಗೆ 108. ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ. ಮಗುವಿಗೆ ಹೆಸರಿಡಲು ಅಕ್ಷರ ನೋಡುವುದು ಈ ಪಾದದಿಂದಲೇ. ಅಶ್ವಿನಿಗೆ ಚು, ಚೆ, ಚೋ, ಲ. ತಮ್ಮ ತಮ್ಮ ನಕ್ಷತ್ರ ಹುಡುಕುತ್ತಾ ಮಕ್ಕಳು ಸಾಲಿಗೆ ನಾಲ್ಕರಂತೆ 27 ಸಾಲು ಜೋಡಿಸುತ್ತಾರೆ. ಒಂದು ಬೀಜವೂ ಉಳಿಯುವುದಿಲ್ಲ. ಅದೇ ಬೀಜಗಳನ್ನು ಈಗ 12 ರಾಶಿಗೆ ಹಂಚಿ ಎನ್ನುತ್ತೇನೆ. ರಾಶಿಗೆ ಒಂಬತ್ತು, ಮತ್ತೆ ಏನೂ ಉಳಿಯಲಿಲ್ಲ.

ಇಲ್ಲಿ ಅವಸರ ಮಾಡಬಾರದು. ಪಾದಗಳೇ ಇಲ್ಲ ಅಂದುಕೊಳ್ಳಿ, 27 ನಕ್ಷತ್ರವನ್ನು 12 ರಾಶಿಗೆ ಹಂಚಿದರೆ ಒಂದಕ್ಕೆ ಎರಡೂಕಾಲು. ನಕ್ಷತ್ರವನ್ನು ಒಡೆಯಲೇಬೇಕು. ಎಷ್ಟು ಚೂರು? ಎರಡು ಮಾಡಿದರೆ 54, 12ರಿಂದ ಭಾಗ ಹೋಗಲ್ಲ. ಮೂರು ಮಾಡಿದರೆ 81, ಅದೂ ಹೋಗಲ್ಲ. ನಾಲ್ಕು ಮಾಡಿದರೆ 108. ಅಶ್ವಿನಿಯ ನಾಲ್ಕು, ಭರಣಿಯ ನಾಲ್ಕು, ಕೃತ್ತಿಕೆಯ ಒಂದು ಸೇರಿ ಮೇಷ. ಕೃತ್ತಿಕೆಯ ಉಳಿದ ಮೂರು ವೃಷಭಕ್ಕೆ. ಆಮೇಲಷ್ಟೇ ಬೋರ್ಡಿನ ಮೇಲೆ 27 = 3×3×3, 12 = 2×2×3 ಎಂದು ಬರೆಯುತ್ತೇನೆ. ಲ.ಸಾ.ಅ. 2×2×3×3×3. ಕೈಯಲ್ಲಿ ಹಂಚಿ ಕಂಡುಕೊಂಡ ಸಂಖ್ಯೆಯೇ ಬೋರ್ಡಿನ ಮೇಲೆ ಬಂದಾಗ ಈ ವಿಧಾನ ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ.

ಜಪಮಾಲೆಗೆ 108 ಬಂದದ್ದು ಇದರಿಂದಲೇ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಕೊಡುವ ಕಾರಣಗಳು ಹಲವು. ಜಪಾನಿನ ಬೌದ್ಧ ದೇವಾಲಯಗಳಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ 108 ಸಲ ಗಂಟೆ ಹೊಡೆಯುವುದು ಮನುಷ್ಯನ 108 ಕ್ಲೇಶಗಳ ಲೆಕ್ಕದಲ್ಲಿ. ಆದರೆ ಹಂಚುವುದಕ್ಕೆ ಈ ಸಂಖ್ಯೆ ತುಂಬಾ ಒಳ್ಳೆಯದು. ನೂರಕ್ಕೆ ಒಂಬತ್ತೇ ಅಪವರ್ತನ, 108ಕ್ಕೆ ಹನ್ನೆರಡು.

ಸೂರ್ಯನ ದೂರ ಅದರ ವ್ಯಾಸದ ಸರಿಯಾಗಿ 108 ಪಟ್ಟು ಎಂಬ ಮಾತೂ ತರಗತಿಗೆ ಬರುತ್ತೆ. ಸುಮ್ನೆ ಒಪ್ಪುವುದೂ ಬೇಡ, ಬೈಯುವುದೂ ಬೇಡ, ಭಾಗಿಸಿಬಿಡೋಣ. ಸರಾಸರಿ ದೂರ 14.96 ಕೋಟಿ ಕಿ.ಮೀ., ವ್ಯಾಸ ಸುಮಾರು 13.92 ಲಕ್ಷ ಕಿ.ಮೀ. ಬರುವುದು 107.5ರ ಹತ್ತಿರ. ಚಂದ್ರನಿಗೆ 3,84,400ನ್ನು 3,474ರಿಂದ ಭಾಗಿಸಿದರೆ 110 ದಾಟುತ್ತೆ. ಹತ್ತಿರ ಹೌದು, ಸರಿಯಾಗಿ ಅಲ್ಲ. ಈ ವ್ಯತ್ಯಾಸ ಮಕ್ಕಳೇ ಲೆಕ್ಕ ಮಾಡಿ ನೋಡಬೇಕು ಅನ್ನುವುದು ನನ್ನ ಹಟ.

ಎಂಟನೇ ತರಗತಿಗೆ ಬೀಜದ ಬದಲು ಕಾಗದ. ಒಂದೇ ಅಗಲದ ಉದ್ದ ಪಟ್ಟಿ ಕತ್ತರಿಸಿ, ದಾರಕ್ಕೆ ಹಾಕುವಂಥ ಸಾದಾ ಗಂಟು ಹಾಕಿಸುತ್ತೇನೆ. ಮೆಲ್ಲಗೆ ಎಳೆದು ಚಪ್ಪಟೆ ಒತ್ತಿದರೆ ನಿಯಮಿತ ಪಂಚಭುಜ ಸಿಗುತ್ತೆ. ಒಳಕೋನಗಳ ಮೊತ್ತ 540, ಐದರಿಂದ ಭಾಗಿಸಿದರೆ 108 ಡಿಗ್ರಿ. ಕೋನಮಾಪಕದಲ್ಲಿ 105 ಬಂದರೆ ಗಂಟು ಸಡಿಲವಿದೆ ಎಂದರ್ಥ. ಇನ್ನೊಮ್ಮೆ ಬಿಗಿದು, ಮಡಿಕೆಗಳನ್ನು ಉಗುರಿನಿಂದ ತೀಡಿ ಅಳೆಯಿರಿ.