ಗುರುವಿಲ್ಲದೆ ನಂಚಾಕು ಕಲಿಯುವವರಿಗೆ

ಜಪಾನಿನ ಓಕಿನಾವಾದ ಯುದ್ಧಕಲೆಯ ಆಯುಧವಾದ, ಎರಡು ಕೋಲುಗಳನ್ನು ಹಗ್ಗದಿಂದ ಜೋಡಿಸಿದ ನಂಚಾಕುವನ್ನು ಸ್ವಂತವಾಗಿ ಕಲಿಯುವವರು ಆರಂಭದಲ್ಲಿ ಸ್ಪಂಜು ಹೊದಿಸಿದ್ದನ್ನೇ ಬಳಸಬೇಕು. ಮರದ ಕೋಲು ಪುಟಿದು ತಲೆಗೋ ಮೊಣಕೈಗೋ ಬಡಿದರೆ ಪೆಟ್ಟು ಸಣ್ಣದಲ್ಲ. ಕೋಲು ಅಂಗೈಯ ನಡುವಿನಿಂದ ಮೊಣಕೈವರೆಗಿನ ಉದ್ದವಿರಲಿ. ಹಗ್ಗದ ಹತ್ತಿರ ಹಿಡಿದರೆ ಹತೋಟಿಯೂ ತುದಿಯಲ್ಲಿ ಹಿಡಿದರೆ ಹೊಡೆತದ ಬಲವೂ ಹೆಚ್ಚುತ್ತವೆ.

ಮೊದಲು 8ರ ಆಕಾರದ ಬೀಸನ್ನು ಮಣಿಕಟ್ಟು ಬಿಗಿಯದೆ, ನಿಧಾನವಾಗಿ, ಎರಡೂ ಕೈಗಳಿಂದ ಸಮನಾಗಿ ಸಾಧಿಸಬೇಕು. ಬಳಿಕ ಬಲಭುಜದ ಮೇಲಿಂದ ಬೀಸಿ, ಬೆನ್ನ ಹಿಂದೆ ಇಳಿಯುವ ಕೋಲನ್ನು ಬಲಗಂಕುಳ ಕೆಳಗೆ ಎಡಗೈಯಲ್ಲಿ ಹಿಡಿಯುವುದನ್ನು ಕಲಿಯಬೇಕು. ಇಲ್ಲಿ ಬಹುತೇಕರು ಕೋಲನ್ನು ಬೆನ್ನಟ್ಟಿ ಕೈಚಾಚುತ್ತಾರೆ. ಅಂಗೈಯನ್ನು ಮೊದಲೇ ತೆರೆದಿಟ್ಟು, ಕೋಲು ತಾನಾಗಿ ಬಂದು ಸೇರುವಂತೆ ಬೀಸಿನ ದಿಕ್ಕನ್ನೇ ತಿದ್ದಿಕೊಳ್ಳುವುದು ಸರಿಯಾದ ಕ್ರಮ. ತಿದ್ದಲು ಗುರು ಇಲ್ಲದಿರುವುದರಿಂದ ಅಭ್ಯಾಸವನ್ನು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ, ನಿಧಾನಗತಿಯಲ್ಲಿ ನೋಡಿಕೊಳ್ಳುವುದು ಅತ್ಯಗತ್ಯ. ಅಭ್ಯಾಸಕ್ಕೆ ಮುನ್ನ ಹಗ್ಗ ಸವೆದಿದೆಯೇ ಎಂದು ತಪ್ಪದೆ ಪರೀಕ್ಷಿಸಿ.