ಎರಡು ಬಡಿತಗಳ ನಡುವಿನ ಹರಿವು

ಡಾಪ್ಲರ್, ಅಂದರೆ ಶಬ್ದದ ಅಲೆಗಳಿಂದ ರಕ್ತದ ಹರಿವು ನೋಡುವ ಸ್ಕ್ಯಾನ್, ನನಗೆ ಸರಿಯಾಗಿ ಅರ್ಥವಾಗಿದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಪ್ರಸೂತಿ ವಿಭಾಗದಲ್ಲಿ ತರಬೇತಿಯಲ್ಲಿದ್ದೆ. 34 ವಾರದ ಬಸುರಿಯೊಬ್ಬರ ಹೊಕ್ಕುಳಬಳ್ಳಿಯ ರಕ್ತನಾಳ ನೋಡುತ್ತಿದ್ದಾಗ, ಪರದೆಯ ಮೇಲೆ ಏರಿದ ಅಲೆ ಇಳಿದು ಅಡಿಗೆರೆ ಮುಟ್ಟಿತು. ಮುಂದಿನ ಬಡಿತದವರೆಗೂ ಖಾಲಿ. ಮಗುವಿನ ಹೃದಯ ಎರಡು ಬಡಿತಗಳ ನಡುವೆ ಸಡಿಲವಾದಾಗಲೂ ಮಾಸಿನ ಕಡೆಗೆ ರಕ್ತ ಹರಿಯುತ್ತಲೇ ಇರಬೇಕು. ಹರಿವು ನಿಂತಿದೆ ಅಂದರೆ ಮಾಸು ಸೋಲುತ್ತಿದೆ ಅಂತ. ಗಾಬರಿಯಿಂದ ವರದಿ ಬರೆಯಲು ಹೊರಟೆ. ಹಿರಿಯ ಡಾಕ್ಟರು ಬಂದು ಮಾತಿಲ್ಲದೆ ವಾಲ್ ಫಿಲ್ಟರ್ ತಗ್ಗಿಸಿದರು. ಖಾಲಿ ಜಾಗದಲ್ಲಿ ಹರಿವು ಮೂಡಿತು! ಫಿಲ್ಟರ್ ಜಾಸ್ತಿ ಇಟ್ಟಿದ್ದರಿಂದ ನಿಧಾನದ ಹರಿವನ್ನು ಯಂತ್ರವೇ ಅಳಿಸಿ ಹಾಕಿತ್ತು. ಇನ್ನೂ ಬಲಿಯಬೇಕಿದ್ದ ಮಗುವನ್ನು ನಾನು ಸುಮ್ಮನೆ ಹೊರಗೆ ತೆಗೆಸಿಬಿಡುತ್ತಿದ್ದೆ.

ಈಗ ಮೊದಲು ಫಿಲ್ಟರ್ ನೋಡುತ್ತೇನೆ, 60 ಹರ್ಟ್ಸ್ ಅಥವಾ ಅದಕ್ಕಿಂತ ಕಡಿಮೆ. ಗರ್ಭದ ನೀರಿನಲ್ಲಿ ಸಡಿಲವಾಗಿ ತೇಲುವ ಬಳ್ಳಿಯ ತುಂಡನ್ನು ಹುಡುಕುತ್ತೇನೆ. ಮಗುವಿನ ಹೊಟ್ಟೆಯ ಹತ್ತಿರ ಅಳೆದರೆ ಅಡೆತಡೆ ಹೆಚ್ಚು ಕಾಣುತ್ತದೆ, ಮಾಸಿನ ಹತ್ತಿರ ಕಡಿಮೆ. ಮಗು ಒದೆಯುತ್ತಿದ್ದರೆ, ಉಸಿರಾಟದ ಚಲನೆ ಮಾಡುತ್ತಿದ್ದರೆ ಪ್ರೋಬ್ ಹಿಡಿದು ಸುಮ್ಮನೆ ಕಾಯುತ್ತೇನೆ. ಒಂದೇ ತರಹದ ಅಲೆಗಳು ಸಾಲಾಗಿ ಬರುವವರೆಗೆ ಅಳೆಯುವುದಿಲ್ಲ. ಹೊರಗೆ ಎಷ್ಟೇ ಜನ ಕೂತಿರಲಿ, ಇಲ್ಲಿ ಅವಸರ ಸಲ್ಲದು.

ಎಲ್ಲ ಬಸುರಿಯರಿಗೂ ಇದು ಬೇಡ. ತೊಂದರೆ ಇಲ್ಲದವರಿಗೆ ಮಾಡಿ ಲಾಭವಿಲ್ಲ. ಬಿಪಿ ಇರುವವರು, ಮಗು ಸಣ್ಣದಿರುವವರು, ಹಿಂದೆ ಮಗು ಕಳೆದುಕೊಂಡವರು, ಇಂಥವರಲ್ಲಿ ಇದು ಜೀವ ಉಳಿಸುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಡಾಪ್ಲರ್ ತರಿಸಿ ಮನೆಯಲ್ಲೇ ಎದೆಬಡಿತ ಕೇಳುವವರಿಗೆ ಒಂದು ಮಾತು: ಬಡಿತ ಕೇಳಿಸಿದ ಮಾತ್ರಕ್ಕೆ ಮಗು ಚೆನ್ನಾಗಿದೆ ಎಂದಲ್ಲ. ಒದೆತ ಕಡಿಮೆಯಾದರೆ ಅದನ್ನು ನಂಬಿ ಕೂರಬೇಡಿ, ಆಸ್ಪತ್ರೆಗೆ ಬನ್ನಿ.

ದಾವಣಗೆರೆ ಕಡೆಯ ಹಳ್ಳಿಯಿಂದ ಬಂದ ಒಬ್ಬ ತಾಯಿ ನನ್ನ ಮನಸ್ಸಿನಲ್ಲಿ ಉಳಿದಿದ್ದಾರೆ. ಮೊದಲ ಮಗು 33 ವಾರಕ್ಕೆ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಈ ಸಲ 29 ವಾರ, ಬಿಪಿ, ಮಗುವಿನ ಅಂದಾಜು ತೂಕ 850 ಗ್ರಾಂ. ಬಳ್ಳಿಯಲ್ಲಿ ಎರಡು ಬಡಿತಗಳ ನಡುವೆ ಹರಿವಿಲ್ಲ. ಫಿಲ್ಟರ್ ಇಳಿಸಿದೆ, ಜಾಗ ಬದಲಿಸಿದೆ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ಈ ಸಲ ಅದು ನಿಜವೇ ಆಗಿತ್ತು.

ಮೆದುಳಿನ ರಕ್ತನಾಳದಲ್ಲಿ ಹರಿವು ಹೆಚ್ಚಿತ್ತು. ಇದನ್ನು ಹೇಳಿದರೆ ಮನೆಯವರಿಗೆ ಸಂತೋಷವಾಗುತ್ತದೆ, ಆದರೆ ಅದು ಶುಭ ಸುದ್ದಿಯಲ್ಲ. ಆಮ್ಲಜನಕ ಸಾಲದಾದಾಗ ಮಗು ಬೇರೆ ಅಂಗಗಳಿಗೆ ಕಡಿಮೆ ಮಾಡಿ ಮೆದುಳಿಗೆ ರಕ್ತ ಕಳಿಸಿಕೊಳ್ಳುತ್ತದೆ. ಹೃದಯ ಇನ್ನೂ ತಡೆದುಕೊಂಡಿದೆಯೇ ಎಂದು ತಿಳಿಯಲು ಬಳ್ಳಿಯ ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಪುಟ್ಟ ನಾಳ, ಡಕ್ಟಸ್ ವೆನೋಸಸ್ ನೋಡಿದೆ. ಅದು ಸರಿಯಿತ್ತು.

"ಮೇಡಮ್ಮಾರೆ, ಈಗ್ಲೇ ತೆಗೆದ್ಬಿಡ್ರಿ. ಹೋದ್ಸಲ ಕಾಯ್ಕಂಡು ಕೂತು ಕಳ್ಕಂಡ್ವಿ," ಎಂದರು ಅತ್ತೆ.

"ಅಜ್ಜೀ, ಒಳಗೆ ಮಗು ಇನ್ನೂ ತಡೀತಿದೆ. ಒಂದೊಂದು ದಿನಾನೂ ಅದಕ್ಕೆ ಬೇಕು. ನಾನು ಬಿಡದೆ ನೋಡ್ತಿರ್ತೀನಿ. ತೆಗೀಬೇಕು ಅನ್ನಿಸಿದ ದಿನ ತಡ ಮಾಡಲ್ಲ."

ಅಡ್ಮಿಟ್ ಮಾಡಿಕೊಂಡೆವು. ದಿನಾ ಎದೆಬಡಿತದ ಗ್ರಾಫ್, ದಿನ ಬಿಟ್ಟು ದಿನ ಡಾಪ್ಲರ್. ಆ ತಾಯಿಗೂ ಶಬ್ದದ ಪರಿಚಯವಾಗಿಬಿಟ್ಟಿತ್ತು. ಸ್ಪೀಕರಿನಲ್ಲಿ "ಹುಶ್" ಅಂದು ನಿಂತು, ಮತ್ತೆ "ಹುಶ್" ಅಂದಾಗ, ನಡುವಿನ ಮೌನದಲ್ಲಿ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಅದಕ್ಕೇ ಅಳೆಯುವಾಗ ಶಬ್ದ ತಗ್ಗಿಸಿ, ಆಮೇಲೆ ಕುಳಿತು ಮಾತಾಡುವುದನ್ನು ರೂಢಿ ಮಾಡಿಕೊಂಡೆ.

ಹದಿನಾರನೆಯ ದಿನ ಡಕ್ಟಸ್ ವೆನೋಸಸ್‌ನ ಅಡೆತಡೆ ಏರತೊಡಗಿತು. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಶುರು ಮಾಡಿದೆವು, 12 ಗಂಟೆಗೊಂದರಂತೆ 6 ಮಿಲಿಗ್ರಾಂನ ನಾಲ್ಕು ಡೋಸ್. ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ (ಎನ್‌ಐಸಿಯು) ಹಾಸಿಗೆ ಹೇಳಿಟ್ಟೆ. ಹದಿನೆಂಟನೆಯ ಬೆಳಿಗ್ಗೆ ಬಳ್ಳಿಯ ಹರಿವು ಅಡಿಗೆರೆಯ ಕೆಳಗಿಳಿದಿತ್ತು, ರಕ್ತ ಮಗುವಿನ ಕಡೆಗೇ ಹಿಂದಿರುಗುತ್ತಿತ್ತು. ಅಂದೇ ಸಿಸೇರಿಯನ್ ಮಾಡಿದೆವು.

ಹೆಣ್ಣುಮಗು, 1,120 ಗ್ರಾಂ. ಹುಟ್ಟಿದ ತಕ್ಷಣ ಸಣ್ಣಗೆ ಅತ್ತಳು. ತಾಯಿ ದಣಿದಾಗ ಆ ಅಜ್ಜಿಯೇ ಸೆರಗಿನೊಳಗೆ ಎದೆಗವಚಿಕೊಂಡು ಕಾಂಗರೂ ಆರೈಕೆ ಮಾಡಿದರು, ಗಂಟೆಗಟ್ಟಲೆ, ಕದಲದೆ. 1,800 ಗ್ರಾಂ ಆದ ದಿನ ಮೂವರನ್ನೂ ಮನೆಗೆ ಕಳಿಸಿದೆವು.