ಕನ್ನಡ ಪಠ್ಯ ತಿದ್ದಲು ಯಾವ ಎಡಿಟರ್? ನನ್ನ ಅನುಭವ

ಹಳೆಯ ಪುಸ್ತಕಗಳನ್ನು ಇ-ಪುಸ್ತಕವಾಗಿ ಮರಳಿ ತರುವುದು ನನ್ನ ಕೆಲಸ. ನುಡಿಯಂಥ ಹಳೆಯ ಫಾಂಟುಗಳಲ್ಲಿ ಪುಟ ಕಟ್ಟಿದ ಪೇಜ್‌ಮೇಕರ್ ಫೈಲುಗಳು ನನ್ನ ಕೈಗೆ ಬರುತ್ತವೆ. ಅವನ್ನು ಪರಿವರ್ತಕದಲ್ಲಿ ಹಾಯಿಸಿ, ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಖ್ಯೆ ಕೊಡುವ ಯೂನಿಕೋಡ್‌ಗೆ ತಂದು, ಕರಡು ತಿದ್ದಿ, ಅಧ್ಯಾಯಕ್ಕೊಂದರಂತೆ ಸರಳ ಪಠ್ಯದ ಫೈಲಾಗಿ ಉಳಿಸುತ್ತೇನೆ. ವರ್ಡ್ ಪ್ರೊಸೆಸರ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದು ಫಾಂಟು, ಅಂತರ, ಶೈಲಿ ಎಲ್ಲವನ್ನೂ ಪಠ್ಯದ ಜೊತೆಗೇ ಹೊತ್ತು ತರುತ್ತದೆ, ಇ-ಪುಸ್ತಕ ಮಾಡುವಾಗ ಅದನ್ನೆಲ್ಲ ಕಿತ್ತು ಹಾಕಬೇಕಾಗುತ್ತದೆ. ಹಾಗಾಗಿ ದಿನವಿಡೀ ಕೂರುವುದು ಬರೀ ಪಠ್ಯವನ್ನಷ್ಟೇ ಉಳಿಸುವ ಟೆಕ್ಸ್ಟ್ ಎಡಿಟರ್ ಮುಂದೆಯೇ.

ಉಚಿತ ಎಡಿಟರ್‌ಗಳ ಹೋಲಿಕೆ ಓದಲು ಹೋದರೆ ಸಿಗುವುದೆಲ್ಲ ಪ್ರೋಗ್ರಾಂ ಬರೆಯುವವರಿಗೆ ಬೇಕಾದ ಮಾತು: ಬಣ್ಣ, ಪ್ಲಗಿನ್, ವೇಗ. ಕನ್ನಡ ತಿದ್ದುವವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಕ್ಷರ ಚೆಂದವಾಗಿ ಕಾಣುತ್ತದೆಯೇ ಎಂಬುದಕ್ಕಿಂತ, ಫೈಲಿನೊಳಗೆ ನಿಜವಾಗಿ ಏನಿದೆ ಎಂದು ಎಡಿಟರ್ ತೋರಿಸುತ್ತದೆಯೇ ಎಂಬುದು ಮುಖ್ಯ. ಅದಕ್ಕಾಗಿ ನಾನೊಂದು ಪುಟ್ಟ ಪರೀಕ್ಷಾ ಫೈಲು ಇಟ್ಟುಕೊಂಡಿದ್ದೇನೆ. ಯಾವ ಎಡಿಟರ್ ಹೊಸದಾಗಿ ಹಾಕಿಕೊಂಡರೂ ಮೊದಲು ತೆರೆಯುವುದು ಅದನ್ನೇ.

ಅದರಲ್ಲಿರುವ ಮೊದಲ ಪದ ‘ಅ೦ಗಡಿ’. ಓದುವಾಗ ಏನೂ ತಪ್ಪು ಕಾಣದು. ಆದರೆ ಅಲ್ಲಿರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ ಅಂಕಿ. ಟೈಪ್ ಮಾಡಿದ ಪಠ್ಯದಲ್ಲಿ ಈ ತಪ್ಪು ಬಹಳ. ‘ಅಂಗಡಿ’ ಎಂದು ಹುಡುಕಿದರೆ ಇದು ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಿದರೆ ಎಲ್ಲೋ ಹೋಗಿ ಕೂರುತ್ತದೆ, ಓದಿ ಹೇಳುವ ತಂತ್ರಾಂಶವೂ ಎಡವುತ್ತದೆ. ಇದನ್ನು ತಿದ್ದಲು, ಒಂದು ಮಾದರಿಗೆ ಹೊಂದುವುದನ್ನೆಲ್ಲ ಹುಡುಕುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಲ್ಲ ಎಡಿಟರ್ ಬೇಕು. ನಾನು ಹುಡುಕುವ ಜಾಗದಲ್ಲಿ ([ಅ-ಹಾ-ೌ])೦ ಎಂದೂ ಬದಲಿಸುವ ಜಾಗದಲ್ಲಿ $1ಂ ಎಂದೂ ಕೊಡುತ್ತೇನೆ. ಅಂದರೆ ಅಕ್ಷರ ಅಥವಾ ಸ್ವರಚಿಹ್ನೆಯ ನಂತರ ಬಂದ ಸೊನ್ನೆಯನ್ನು ಹುಡುಕಿ, ಅದರ ಮೊದಲಿನದನ್ನು ಹಾಗೇ ಇಟ್ಟು, ಸೊನ್ನೆಯ ಬದಲು ಅನುಸ್ವಾರ ಹಾಕು ಎಂದು. ಆವರಣದೊಳಗೆ ‘ಹ’ದ ಪಕ್ಕದಲ್ಲಿರುವ ದೀರ್ಘ ಅದಕ್ಕೇ ಅಂಟಿಕೊಂಡು ‘ಹಾ’ ಎಂದು ಕಾಣುತ್ತದೆ. ಅದಕ್ಕೆ ಗಾಬರಿ ಬೇಡ, ಎಡಿಟರ್ ಅವನ್ನು ಬೇರೆ ಬೇರೆಯಾಗಿಯೇ ಓದುತ್ತದೆ. ಸೊನ್ನೆಯ ಹಿಂದೆ ಅಂಕಿ ಇದ್ದರೆ ಈ ಸೂತ್ರ ಮುಟ್ಟುವುದಿಲ್ಲವಾದ್ದರಿಂದ ೧೦, ೨೦೦ ಎಲ್ಲ ಕ್ಷೇಮ.

ಎರಡನೆಯದು ‘ಕೊಡು’, ಎರಡು ಸಲ. ಒಂದರಲ್ಲಿ ಒಕಾರ ಒಂದೇ ಚಿಹ್ನೆಯಾಗಿದೆ. ಇನ್ನೊಂದರಲ್ಲಿ ಎಕಾರದ ಚಿಹ್ನೆಯ ಮುಂದೆ ಊಕಾರದ ಕೊಂಬು ಸೇರಿಸಿ ಅದೇ ರೂಪ ಬಂದಿದೆ. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಹುಡುಕಿದಾಗ ಮಾತ್ರ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಯೂನಿಕೋಡ್‌ನ ಪ್ರಕಾರ ಕನ್ನಡದಲ್ಲಿ ಹೀಗೆ ಒಡೆದು ಬರೆಯಬಹುದಾದ ಸ್ವರಚಿಹ್ನೆಗಳು ಐದು: ೀ, ೇ, ೈ, ೊ, ೋ. ಹಳೆಯ ಫಾಂಟುಗಳಲ್ಲಿ ದೀರ್ಘದ ಗುರುತು ಬೇರೆ ತುಣುಕಾಗಿತ್ತು. ಪರಿವರ್ತಕ ಅದನ್ನು ಜೋಡಿಸದೆ ಹಾಗೇ ಬಿಟ್ಟರೆ ಈ ಒಡಕು ರೂಪ ಉಳಿಯುತ್ತದೆ. ಒಂದು ಕಾದಂಬರಿಯ ತುಂಬ ಇಂಥವು ಹರಡಿಕೊಂಡಿದ್ದರೆ ಕಣ್ಣಿನಿಂದ ಹಿಡಿಯುವುದು ಯಾರಿಂದಲೂ ಆಗದು.

ಇಲ್ಲಿ ನನಗೆ ಒದಗಿದ್ದು ಈಮ್ಯಾಕ್ಸ್. ರಿಚರ್ಡ್ ಸ್ಟಾಲ್ಮನ್ 1985ರಲ್ಲಿ ಬಿಡುಗಡೆ ಮಾಡಿದ ಗ್ನೂ ಈಮ್ಯಾಕ್ಸ್ ನೋಡಲು ಹಳೆಯ ಕಾಲದ್ದು, ಕೀಲಿಗಳ ಜೋಡಣೆ ಕೈಗೆ ಹತ್ತಲು ಸಮಯ ಬೇಡುತ್ತದೆ. ಆದರೆ ಪಠ್ಯವನ್ನೆಲ್ಲ ಆಯ್ದು ಆಲ್ಟ್-ಎಕ್ಸ್ ಒತ್ತಿ ‘ಯುಸಿಎಸ್-ನಾರ್ಮಲೈಜ್-ಎನ್‌ಎಫ್‌ಸಿ-ರೀಜನ್’ ಎಂಬ ಆಜ್ಞೆ ಕೊಟ್ಟರೆ ಐದೂ ಬಗೆಯ ಒಡಕು ಒಂದೇ ಏಟಿಗೆ ಕೂಡಿಕೊಳ್ಳುತ್ತದೆ. ಯಾವ ಅಕ್ಷರದ ಮೇಲೆ ಅನುಮಾನ ಬಂದರೂ ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಸಮ ಚಿಹ್ನೆ ಒತ್ತಿದರೆ ಅದರ ಯೂನಿಕೋಡ್ ಹೆಸರು, ಸಂಖ್ಯೆ, ಬಳಸಿದ ಫಾಂಟು ಎಲ್ಲವನ್ನೂ ಬಿಚ್ಚಿಡುತ್ತದೆ. ಕನ್ನಡ ಕೀಲಿಮಣೆ ಅದರೊಳಗೇ ಇದೆ, ಇನ್‌ಸ್ಕ್ರಿಪ್ಟ್ ಕೂಡ. 2020ರ 27ನೇ ಆವೃತ್ತಿಯಿಂದ ಅಕ್ಷರಗಳನ್ನು ಜೋಡಿಸಿ ಮೂಡಿಸುವ ಹಾರ್ಫ್‌ಬಜ್ ಬಳಸುತ್ತಿರುವುದರಿಂದ ಒತ್ತಕ್ಷರಗಳೂ ಸರಿಯಾಗಿ ಮೂಡುತ್ತವೆ. ಈಮ್ಯಾಕ್ಸ್ ಬೇಡವೆನ್ನುವವರು ಬೇರೆ ಎಡಿಟರ್‌ನಲ್ಲಿ ಐದು ಜೋಡಿಗಳನ್ನು ಒಂದೊಂದಾಗಿ ಹುಡುಕಿ ಬದಲಿಸಬಹುದು. ‘ೋ’ ಮೂರು ತುಣುಕಾಗಿಯೂ ಇರಬಹುದಾದ್ದರಿಂದ ‘ೊ’ ಮುಗಿಸಿದ ಮೇಲೇ ಅದಕ್ಕೆ ಕೈ ಹಾಕಬೇಕು.

ಮೂರನೆಯ ಗುಂಪು ಕಾಣದ ಅಕ್ಷರಗಳದ್ದು. ‘ರಾಜ್‌ಕುಮಾರ್’ನಲ್ಲಿ ‘ಜ್’ ಮತ್ತು ‘ಕು’ ಒತ್ತಕ್ಷರವಾಗದಂತೆ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಅಗಲವಿಲ್ಲದ ತಡೆಚಿಹ್ನೆ ಇರುತ್ತದೆ. ‘ರ‍್ಯಾಂಕ್’ನಲ್ಲಿ ಅರ್ಕಾವತ್ತು ಬರದಂತೆ ತಡೆಯುವುದು ‘ರ’ದ ಮುಂದಿನ ಜಾಯ್ನರ್ ಎಂಬ ಇನ್ನೊಂದು ಕಾಣದ ಚಿಹ್ನೆ. ಇವು ಬೇಕಾದ ಕಡೆ ಇರಲೇಬೇಕು, ಬೇಡದ ಕಡೆ ಇದ್ದರೆ ಹುಡುಕಾಟ ಕೆಡುತ್ತದೆ. ವಿಎಸ್ ಕೋಡ್ 2021ರ ಕೊನೆಯಿಂದ ಇಂಥ ಕಾಣದ ಅಕ್ಷರಗಳನ್ನು ಚೌಕ ಹಾಕಿ ತೋರಿಸುತ್ತಿದೆ. ಪ್ರೋಗ್ರಾಂಗಳಲ್ಲಿ ಯಾರಾದರೂ ಕಣ್ಣಿಗೆ ಕಾಣದ ಮೋಸ ಸೇರಿಸಿದರೆ ಗೊತ್ತಾಗಲಿ ಎಂದು ತಂದ ಸೌಲಭ್ಯ ಅದು. ನನಗಂತೂ ಕರಡು ತಿದ್ದುವಾಗ ಅದಕ್ಕಿಂತ ಉಪಯುಕ್ತವಾದದ್ದು ಆ ಎಡಿಟರ್‌ನಲ್ಲಿ ಬೇರೊಂದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಈಚಿನ ಆವೃತ್ತಿಗಳಲ್ಲೂ ವ್ಯೂ ಮೆನುವಿನಲ್ಲಿ ಇದಕ್ಕೊಂದು ಆಯ್ಕೆ ಇದೆ. ನಾನ್ ಜಾಯ್ನರ್ ಇದ್ದರೂ ಇಲ್ಲದಿದ್ದರೂ ಸಿಗಬೇಕೆಂದರೆ ರಾಜ್.?ಕುಮಾರ್ ಎಂದು ಹುಡುಕುವುದು ನನ್ನ ರೂಢಿ.

ಕೊನೆಯ ಪರೀಕ್ಷೆ ಬ್ಯಾಕ್‌ಸ್ಪೇಸ್. ‘ಕ್ಷಿ’ ನೋಡಲು ಒಂದು ಅಕ್ಷರ, ಒಳಗೆ ನಾಲ್ಕು ಚಿಹ್ನೆ, ಯೂನಿಕೋಡ್ ಪಠ್ಯವನ್ನು ಉಳಿಸುವ ವಿಧಾನವಾದ ಯುಟಿಎಫ್-8ರಲ್ಲಿ 12 ಬೈಟ್. ಬ್ಯಾಕ್‌ಸ್ಪೇಸ್ ಒತ್ತಿದಾಗ ಗುಡಿಸು ಮಾತ್ರ ಹೋಗಿ ‘ಕ್ಷ’ ಉಳಿಯಬೇಕು. ಆಗಲೇ ಹ್ರಸ್ವವನ್ನು ದೀರ್ಘ ಮಾಡಲು ಇಡೀ ಅಕ್ಷರ ಮತ್ತೆ ಟೈಪಿಸುವ ಕಷ್ಟ ತಪ್ಪುವುದು. ಲಿನಕ್ಸ್‌ನ ಗ್ನೋಮ್ ಪರಿಸರದ ಟೆಕ್ಸ್ಟ್ ಎಡಿಟರ್ ಇದರಲ್ಲಿ ನನ್ನ ಮನಸ್ಸಿಗೆ ಒಪ್ಪಿತು. ಬರೀ ಬರೆಯುವುದಕ್ಕೆ, ಓದುವುದಕ್ಕೆ ಅದು ಹಿತವಾಗಿದೆ, ದೊಡ್ಡ ತಿದ್ದುಪಡಿಗೆ ಸಾಲದು.

ವಿಮ್ ವಿಷಯದಲ್ಲಿ ನನಗೆ ಗೌರವ ಜಾಸ್ತಿ, ಬಳಕೆ ಕಡಿಮೆ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ಈ ಎಡಿಟರ್ ಉಚಿತ, ಮೆಚ್ಚಿದವರು ಉಗಾಂಡದ ಮಕ್ಕಳಿಗೆ ನೆರವಾಗಿ ಎಂದು ಅವರು ಕೇಳಿಕೊಂಡಿದ್ದರು. 2023ರಲ್ಲಿ ಅವರು ತೀರಿಕೊಂಡ ಮೇಲೂ ಅದು ಬೆಳೆಯುತ್ತಿದೆ. ಅದರಲ್ಲಿ ‘ಜಿ’ ‘ಎ’ ಎಂದು ಒತ್ತಿದರೆ ಕರ್ಸರ್ ಕೆಳಗಿನ ಅಕ್ಷರದ ಸಂಖ್ಯೆ ಕಾಣುತ್ತದೆ. ತೊಂದರೆ ಇರುವುದು ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ. ಅದು ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆ ಹಾಕಿಕೊಂಡಿರುತ್ತದೆ, ನಮ್ಮ ಅಕ್ಷರಗಳ ಅಗಲ ಒಂದೊಂದಕ್ಕೆ ಒಂದೊಂದು. ಒತ್ತುಗಳು ಚದುರಿ, ಕರ್ಸರ್ ಒಂದು ಕಡೆ, ತಿದ್ದುವುದು ಇನ್ನೊಂದು ಕಡೆ ಆಗುತ್ತದೆ. ಕನ್ನಡಕ್ಕೆ ಟರ್ಮಿನಲ್ ವಿಮ್ ಆಯ್ದುಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ.

ವಿಂಡೋಸ್‌ನಲ್ಲಿ ಕೆಲಸ ಮಾಡುವ ಡಿಟಿಪಿ ಗೆಳೆಯರಿಗೆ ನಾನು ಹೇಳುವುದು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಡಾನ್ ಹೋ 2003ರಲ್ಲಿ ಆರಂಭಿಸಿದ್ದು, ಹಗುರವಾದದ್ದು, ಹಳೆಯ ಯಂತ್ರದಲ್ಲೂ ಓಡುತ್ತದೆ. ಇಡೀ ಫೋಲ್ಡರ್‌ನಲ್ಲಿ ಹುಡುಕಿ ಬದಲಿಸಬಹುದು, ಫೈಲಿನ ಅಕ್ಷರಗಳನ್ನು ಉಳಿಸಿದ ವಿಧಾನ, ಅಂದರೆ ಎನ್‌ಕೋಡಿಂಗ್ ಯಾವುದೆಂದು ಕೆಳಗಿನ ಪಟ್ಟಿಯಲ್ಲಿ ಸದಾ ಕಾಣುತ್ತದೆ. ಹಾಕಿಕೊಂಡ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಡೈರೆಕ್ಟ್‌ರೈಟ್ ಎಂಬ ಅಕ್ಷರ ಮೂಡಿಸುವ ವ್ಯವಸ್ಥೆ ಬಳಕೆಯಲ್ಲಿದೆಯೇ ನೋಡಿ, ಫಾಂಟನ್ನು ನಿರ್ಮಲಾ ಯುಐ ಅಥವಾ ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿ. ವಿಂಡೋಸ್‌ನ ಜೊತೆಗೇ ಬರುವ ನೋಟ್‌ಪ್ಯಾಡ್ ಸಣ್ಣ ಟಿಪ್ಪಣಿಗೆ ಸಾಕು. 2019ರಿಂದ ಅದು ತಾನಾಗಿ ಯುಟಿಎಫ್-8ರಲ್ಲೇ ಉಳಿಸುತ್ತದೆ. ಅದಕ್ಕೂ ಹಿಂದಿನ ವಿಂಡೋಸ್ ಇದ್ದರೆ ಉಳಿಸುವಾಗ ಎನ್‌ಕೋಡಿಂಗ್ ನೀವೇ ಆರಿಸಬೇಕು, ಇಲ್ಲವಾದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಅಲ್ಲಿಂದ ಮೂಲ ಪಠ್ಯವನ್ನು ಮರಳಿ ಪಡೆಯಲು ದಾರಿಯಿಲ್ಲ.

ಲಿನಕ್ಸ್ ಬಳಸುವವರಿಗೆ ಕೇಟ್ ಇದೆ. ಕೆಡಿಇ ಬಳಗದ ಈ ಎಡಿಟರ್ ವಿಂಡೋಸ್‌ಗೂ ಸಿಗುತ್ತದೆ. ಪರದೆಯನ್ನು ಎರಡಾಗಿ ಸೀಳಿ ಮೂಲ ಒಂದು ಕಡೆ, ತಿದ್ದಿದ್ದು ಒಂದು ಕಡೆ ಇಟ್ಟುಕೊಂಡು ಓದಲು ನಾನು ಇದನ್ನೇ ತೆರೆಯುವುದು. ಕಾಗುಣಿತ ಪರೀಕ್ಷೆಗೆ ಕನ್ನಡದ ಹನ್‌ಸ್ಪೆಲ್ ನಿಘಂಟು ಹಾಕಿಕೊಳ್ಳಬಹುದು. ಆದರೆ ಪ್ರತ್ಯಯ ಹತ್ತಿದ ‘ಮನೆಯವರಿಗಾದರೂ’ ತರಹದ ಪದಗಳ ಕೆಳಗೆಲ್ಲ ಕೆಂಪು ಗೆರೆ ಎಳೆಯುತ್ತಾ ಹೋದರೆ ಕಣ್ಣಿಗೆ ದಣಿವೇ ಹೊರತು ಲಾಭವಿಲ್ಲ.

ವಿಎಸ್ ಕೋಡ್ ಬಗ್ಗೆ ಇನ್ನೊಂದು ಮಾತು. ಮೈಕ್ರೋಸಾಫ್ಟ್ 2015ರಲ್ಲಿ ತಂದ ಇದರ ಮೂಲಸಂಕೇತ ಮುಕ್ತ, ಆದರೆ ಅವರು ಕಟ್ಟಿಕೊಡುವ ತಂತ್ರಾಂಶದ ಪರವಾನಗಿ ಬೇರೆ, ಬಳಕೆಯ ಮಾಹಿತಿಯನ್ನೂ ಅದು ಕಳಿಸುತ್ತದೆ. ಅದೇ ಮೂಲದಿಂದ ಸಮುದಾಯ ಕಟ್ಟಿದ ವಿಎಸ್‌ಕೋಡಿಯಂ ನನ್ನ ಆಯ್ಕೆ. ತಿದ್ದುವ ಮುಂಚಿನ ಮತ್ತು ನಂತರದ ಫೈಲುಗಳನ್ನು ಅಕ್ಕಪಕ್ಕ ಇಟ್ಟು ಎಲ್ಲೆಲ್ಲಿ ಬದಲಾಗಿದೆ ಎಂದು ಅದು ಬಣ್ಣದಲ್ಲಿ ತೋರಿಸುತ್ತದೆ. ಸೊನ್ನೆಯನ್ನು ಅನುಸ್ವಾರ ಮಾಡುವಂಥ ಸಾರಾಸಗಟು ಬದಲಾವಣೆ ಆದ ಮೇಲೆ ಈ ಹೋಲಿಕೆ ನೋಡದೆ ನಾನು ಫೈಲನ್ನು ಮುಂದಕ್ಕೆ ಕಳಿಸುವುದಿಲ್ಲ. ಮೆಮೊರಿ ಹೆಚ್ಚು ತಿನ್ನುತ್ತದೆ, 4 ಜಿಬಿಯ ಯಂತ್ರದಲ್ಲಿ ಬ್ರೌಸರ್ ಕೂಡ ತೆರೆದಿದ್ದರೆ ಒದ್ದಾಡುತ್ತದೆ.

ಈಗ ಹೊಸ ಫೈಲು ಬಂದರೆ ನನ್ನ ಕ್ರಮ ಇಷ್ಟು. ಮೂಲದ ಒಂದು ಪ್ರತಿ ತೆಗೆದಿಟ್ಟು, ಈಮ್ಯಾಕ್ಸ್‌ನಲ್ಲಿ ಒಡಕು ಚಿಹ್ನೆಗಳನ್ನು ಕೂಡಿಸುತ್ತೇನೆ. ಆಮೇಲೆ ವಿಎಸ್‌ಕೋಡಿಯಂನಲ್ಲಿ ಸೊನ್ನೆ, ಜಾಯ್ನರ್, ನಾನ್ ಜಾಯ್ನರ್ ನೋಡಿ, ಮೂಲದೊಂದಿಗೆ ಹೋಲಿಸುತ್ತೇನೆ. ಅದು ಮುಗಿದ ಮೇಲೆ ಕೇಟ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಮೊದಲ ಸಾಲಿನಿಂದ ಓದಲು ಕೂರುತ್ತೇನೆ.